ಬಾಣದ ಬೆನ್ನ ಹತ್ತಿ

ಮಾಲಕರ ಅಳಿಯ ಹುಬ್ಬಳ್ಳಿಯಿಂದ ಬಂದು
ಹೊಸಾದೊಂದು ಸಾಫ್ಟ್‌ವೇರ್ ಹಾಕಿಕೊಟ್ಟು ಹೋದ.
“ನೀವು ಸುಮ್ಮ ನಿಮ್ಮ ಕೆಲಸಾ ಮಾಡ್ರಿ ಸುಗಂಧಕ್ಕಾರ,
ಉಳದದ್ದು ಅದ ನೋಡ್ಕೊಂತೈತಿ.
ಬಾಣ ಎಲ್ಲಿ ಹೊಂಟರೂ ಬೆನ್ನ ಹತ್ತತೈತಿ,
ನಿಂತಲ್ಲೆ ದೊಡ್ಡದ ಮಾಡಿ ತೋರಸ್ತೈತಿ.
ಲಕ್ಷ್ಮೇಶ್ವರದ ಅಂಗಡಿಗೆ ಬಂದ ಹುಡಿಗಿ, ನೀಲಗಂಗಾ,
ನೋಡಿಕೊಂತ ಕಲೀಲಿ.”

ಮದಿವಿ ಸೀಜನ್ನು. ಬೆಟಗೇರಿ ರಸ್ತಾದ ಈ ಪ್ರೆಸ್ಸಿನ್ಯಾಗ
ದಿನಕ್ಕ ಎಂಟೊಂಬತ್ತು ಲಗ್ನಪತ್ರಿಕಿ.
ಮೊದಲನೇ ಪಾಠ ಕೀಬೋರ್ಡಿಂದು.
ಎರಡನೇದು, ಒತ್ತಕ್ಷರ ಕೆಳಗಿನ ಸಾಲಿಗೆ ಬಡೀದಂಗ
ಎಷ್ಟ ಸಂದಿ ಬಿಡಬೇಕು ಅನ್ನೋದು.
ಮೂರನೇದರಾಗ ನನಗ ಕೆಮ್ಮು ಬಂತು,
ಮೌಸ್ ಜರುಗಿ ಮೂಲಿಗೆ ಹೋತು.
ಪಾಪ, ಅದು ಅಲ್ಲಿಗೂ ಓಡಿ ಹೋಗಿ
ಗಡಿಯಾರದ ನಾಕೂ ಹತ್ತನ್ನ
ಪರದೆ ತುಂಬ ಹಿಗ್ಗಿಸಿ ಹಿಡೀತು,
ಏನೋ ಘನಂದಾರಿ ಸಂಗತಿ ನಡದೈತಿ ಅನ್ನೂಹಂಗ.

ನನಗ ಕಲಿಸಿದಾತ ರಾಜೇಸಾಬ ನದಾಫ.
ಮೊಳಿ ಜೋಡಸ್ತಿದ್ದ. ಉಲ್ಟಾ ಅಕ್ಷರಾನ ಸೀದಾ ಓದತಿದ್ದ.
ಕೈ ತನ್ನಷ್ಟಕ್ಕ ತಾ ಓಡತಿತ್ತು,
ಕಣ್ಣು ಗಿರಾಕಿ ಮಾರಿ ಮ್ಯಾಲ.
“ತಪ್ಪು ಹಾಳ್ಯಾಗ ಹುಡುಕಬ್ಯಾಡ,
ಓದಾವ್ರ ಹುಬ್ಬಿನ್ಯಾಗ ನೋಡು.”
ಆರು ವರ್ಷದಾಗ ಬಾಯಿಬಿಟ್ಟು ಹೇಳಿದ್ದು ಅಷ್ಟ.

ಏಳನೇ ಪಾಠ ಬಣ್ಣದ್ದು.
ಪತ್ರಿಕಿ ನೆತ್ತಿಮ್ಯಾಲಿನ ಗಣಪತಿಗೆ ಕುಂಕುಮ ಬಣ್ಣ ತುಂಬಾಕತ್ತಿದ್ದೆ.
ಬಾಜೂ ಖುರ್ಚಿಮ್ಯಾಲ ಮದಿಮಗಳು,
ಅವರಪ್ಪ ಹೊರಗ ಫೋನಿನ್ಯಾಗ ಅಡಗಿ ಭಟ್ಟನ ಕೂಡ ಚೌಕಾಶಿ.
ಅಕಿ ಕಣ್ಣು ಒಂದ ಸಾಲಿನ್ಯಾಗ ಸಿಕ್ಕೊಂಡಿತ್ತು.
ನಾ ಅಕಿನ್ನ ನೋಡಿದೆ.
ಬಾಣ ಸೊಂಡಿಲ ಮ್ಯಾಲ ನಿಂತು ಬಿಟ್ಟಿತು.

ಈಗ ಹಾಕಿ ನೋಡಿದ್ರ
ನಲವತ್ತು ಸೆಕೆಂಡು ಪರದೆ ತುಂಬ ಬರೇ ಸೊಂಡಿಲು,
ಅಂಚಿನ ಚೌಕ ಒಂದೊಂದು ಎಣಸೂವಷ್ಟು ಸನೇಕ.
ಅದರ ಹಿಂದ ಸಣ್ಣ ದನಿ:
“ಅಕ್ಕಾರ, ನನ್ನ ಹೆಸರಿನ ಮುಂದಿಂದು ಎಂ.ಎಸ್ಸಿ. ತಗದ ಬಿಡ್ರಿ.”
ಕೂಲರಿನ ಸಪ್ಪಳ.
“ಅವರದು ಡಿಪ್ಲೊಮಾ. ಅದೂ ಒಂದು ಪೇಪರ್ ಉಳದೈತಂತ.”
ತಗಿ ಅಂತ ಯಾರ ಹೇಳಿದ್ರು, ನಾ ಕೇಳಲಿಲ್ಲ.
ಕೇಳಬೇಕಿತ್ತೋ ಏನೋ.

ಆಮ್ಯಾಲ ಬಾಣ ಕೆಳಗ ಇಳೀತೈತಿ,
ಪರದೆ ಅದರ ಹಿಂದಿಂದ, ಎಣ್ಣಿಮ್ಯಾಲ ಜಾರಿದಂಗ,
ಚಿ.ಕುಂ.ಸೌ. ವಿಜಯಮಾಲಾ, ಎಂ.ಎಸ್ಸಿ., ಗಣಿತ.
ಹಿಂದಿನಿಂದ ಅಳಸ್ಕೊಂತ ಬರತೇನಿ:
ತ. ಣಿ. ಗ.
ಸೆಂಟರ್ ಅಲೈನ್ ಇತ್ತಲ್ಲ,
ಒಂದೊಂದು ಹೋದಂಗ ಉಳದ ಹೆಸರು
ತಾನಾಗೇ ಬಲಕ್ಕ ಸರಕೊಂತ ಸರಕೊಂತ
ಕಡೀಕ ನಟ್ಟನಡುವ ಬಂದು ಕುಂತತು,
ಅಲ್ಲೇನೂ ಇರಲೇ ಇಲ್ಲ ಅನ್ನೂಹಂಗ.

ಸೀಸದ ಕಾಲದಾಗ ಹಿಂಗಿರಲಿಲ್ಲ.
ತಗದ ಅಕ್ಷರಕ್ಕ ತೂಕ ಇತ್ತು.
ರಾಜೇಸಾಬ ಚಿಮಟದಿಂದ ಎತ್ತಿ, ಒಂದ ಗಳಿಗಿ ಅಂಗೈಯಾಗಿಟ್ಟು,
ಖಾನೆದಾಗ ಬಿಡತಿದ್ದ, ಟಿಕ್.
ಖಾಲಿ ಬಿದ್ದ ಜಾಗಕ್ಕೂ ಮೊಳಿ ಇಡಬೇಕಿತ್ತು,
ಮಾರಿ ಇಲ್ಲದ ಬೋಳ ಮೊಳಿ.
ಇಡಲಿಲ್ಲಂದ್ರ ಇಡೀ ಸಾಲ ಸಡಲಿ
ಕೈಯಾಗ ಉದರತಿತ್ತು.

ಐದುನೂರು ಪ್ರತಿ ಹೋದುವು. ಬಣ್ಣ ಛಲೋ ಬಂದಿತ್ತು.

ನಿನ್ನೆ ನೀಲಗಂಗಾ ಫೋನ್ ಹಚ್ಚಿದ್ಲು.
“ಏಳನೇದು ನಾಕ ಸಲ ನೋಡಿದೆ ಅಕ್ಕಾ.
ಸೊಂಡಿಲ ಮ್ಯಾಲ ಅಷ್ಟೊತ್ತ ಯಾಕ ನಿಂತೈತಿ?”
“ಬಣ್ಣ ನೋಡ್ಕೋ,” ಅಂದೆ,
“ಮೆಜೆಂಟಾ ನೂರು, ಹಳದಿ ನೂರು. ಕರಿ ಕೂಡಸಬ್ಯಾಡ.”
ಆಕಡಿಂದ ಬರಕೊಳ್ಳೂ ಸಪ್ಪಳ.
ಬರದ ಮುಗೀತು. ಫೋನ್ ಇಡಲಿಲ್ಲ.
“ದನೀನೂ ಕೇಳತೈತ್ರಿ ಅಕ್ಕಾ,” ಅಂದ್ಲು.